ನೆರೆಮನೆಯ ಜೆರ್ಸಿ ತೊಟ್ಟ ಮಗ

ಪ್ರಶ್ನೆ: ನಾವು ಸುಂಟಿಕೊಪ್ಪದ ಬಳಿಯ ಸಣ್ಣ ಕಾಫಿ ಬೆಳೆಗಾರರು. ನನ್ನ ಯಜಮಾನರು ಸೇನೆಯಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು. ಹದಿನೈದು ವರ್ಷದ ಮಗ ಶಾಲಾ ಫುಟ್‌ಬಾಲ್ ತಂಡದಲ್ಲಿ ರೈಟ್ ವಿಂಗ್ ಆಡುತ್ತಾನೆ. ನಮ್ಮ ಹೋಂಸ್ಟೇ ನೋಡಿಕೊಳ್ಳುವ ನೇಪಾಳಿ ದಂಪತಿಯ ಮಗ ಅವನದೇ ತರಗತಿ, ಅವನದೇ ತಂಡ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದೆದುರು ಭಾರತ ಸೋತ ರಾತ್ರಿ ಮಗ ಟಿ.ವಿ. ಆರಿಸಿ, ‘ಇನ್ನು ನನ್ನ ತಂಡ ಭಾರತವಲ್ಲ, ನೇಪಾಳ’ ಎಂದ. ಮರುವಾರ ಗೆಳೆಯ ಕೊಟ್ಟ ನೇಪಾಳದ ಕೆಂಪು ಜೆರ್ಸಿ ತೊಟ್ಟು ಮೈದಾನಕ್ಕೆ ಹೋದಾಗ ಊರಿನ ಹಿರಿಯರೊಬ್ಬರು, ‘ಸೈನಿಕನ ಮಗನಾಗಿ ನಾಚಿಕೆಯಾಗುವುದಿಲ್ಲವೇ’ ಎಂದು ಎಲ್ಲರೆದುರು ಕೇಳಿದರಂತೆ. ಯಜಮಾನರು ಮೂರು ದಿನ ಮಗನೊಡನೆ ಮಾತಾಡಲಿಲ್ಲ. ಇದು ದೇಶಕ್ಕೆ ಮಾಡಿದ ಅಪಚಾರವೇ? ಕಾನೂನಿನ ತೊಡಕೇನಾದರೂ ಇದೆಯೇ? ಮುಂದೆ ಜಿಲ್ಲಾ ತಂಡದ ಆಯ್ಕೆಗೆ ಅಡ್ಡಿಯಾದೀತೇ? ಜೆರ್ಸಿಯನ್ನು ಕಸಿದು ಒಳಗಿಡಬೇಕೇ ಅಥವಾ ಸುಮ್ಮನಿರಬೇಕೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ನಾಲ್ಕಾದರೂ ಅವುಗಳ ಹಿಂದಿನ ಆತಂಕ ಒಂದೇ: ಮಗ ಮನೆ ಬಿಟ್ಟು ನೆರೆಮನೆಯ ಜಗಲಿಯಲ್ಲಿ ಹೋಗಿ ಕುಳಿತನೇ ಎಂಬುದು. ನಾನು ಕೊಡಗಿನ ಮೈದಾನಗಳಲ್ಲಿ ಮೂವತ್ತು ವರ್ಷ ಹುಡುಗರಿಗೆ ಫುಟ್‌ಬಾಲ್ ಕಲಿಸಿದವನು, ಆಗೀಗ ರೆಫರಿಯಾಗಿ ಬೈಗುಳ ತಿಂದವನು. ಮನಶ್ಶಾಸ್ತ್ರಜ್ಞನೂ ಅಲ್ಲ, ವಕೀಲನೂ ಅಲ್ಲ. ಆದರೆ ಹದಿನೈದರ ಹುಡುಗರು ಯಾವಾಗ ತಂಡ ಬದಲಿಸುತ್ತಾರೆ, ಏಕೆ ಬದಲಿಸುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ನಿಮ್ಮ ಮಗನ ವಿಷಯದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರ ಮೇಲೊಂದು ಬಿದ್ದಿವೆ. ಒಂದು ಗೆಳೆತನ, ಇನ್ನೊಂದು ಮುನಿಸು. ಜೆರ್ಸಿ ಗೆಳೆತನದ್ದು, ‘ನನ್ನ ತಂಡ ಭಾರತವಲ್ಲ’ ಎಂಬ ಮಾತು ಮುನಿಸಿನದು. ಆ ಮಾತಿನ ಮೇಲಿನ ಸಿಟ್ಟನ್ನು ಮನೆಯವರೂ ಊರಿನವರೂ ಸೇರಿ ಜೆರ್ಸಿಯ ಮೇಲೆ ತೀರಿಸಿಕೊಳ್ಳುತ್ತಿರುವಂತೆ ನನಗೆ ಕಾಣುತ್ತದೆ.

ಇದನ್ನು ಕೊಡಗಿನವರಿಗೆ ವಿವರಿಸಲು ದೂರ ಹೋಗಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿಯಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಒಕ್ಕಗಳ, ಅಂದರೆ ಕೊಡವ ಮನೆತನಗಳ, ತಂಡಗಳು ಆಡುತ್ತವೆ. ಗಂಡನ ಒಕ್ಕ ಎರಡನೇ ಸುತ್ತಿನಲ್ಲೇ ಸೋತು ಹೊರಬಿದ್ದ ಮೇಲೆ ಹೆಂಡತಿ ತನ್ನ ತವರಿನವರ ಜೊತೆ ಕುಳಿತು ಗಂಟಲು ಹರಿಯುವಂತೆ ಕೂಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಗಂಡನೇ ಅವಳ ಪಕ್ಕದಲ್ಲಿ ಕುಳಿತಿರುತ್ತಾನೆ. ಎರಡು ಒಕ್ಕಗಳೂ ಎದುರಾದರೆ ಅವಳು ಎಲ್ಲಿ ಕೂರಬೇಕೆಂಬುದು ಆ ವರ್ಷವಿಡೀ ನಡೆಯುವ ತಮಾಷೆ. ಆದರೆ ಗಂಡನ ಮನೆಯವರು ಸೋತದ್ದಕ್ಕೆ ಸಿಟ್ಟಾಗಿ, ‘ಈ ಮನೆಗೂ ನನಗೂ ಇನ್ನು ಸಂಬಂಧವಿಲ್ಲ’ ಎಂದು ಅವಳು ಎದ್ದು ಹೊರಟರೆ ಅದು ಹಾಕಿಯ ವಿಷಯವಾಗಿ ಉಳಿಯುವುದಿಲ್ಲ. ಈ ಮೂರನ್ನೂ ನಾವು ‘ಬೆಂಬಲ’ ಎಂಬ ಒಂದೇ ಮಾತಿನಿಂದ ಕರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ. ನಮ್ಮವರು ಆಡದ ಪಂದ್ಯದಲ್ಲಿ ನೆರೆಯವರು ಗೆಲ್ಲಲಿ ಎಂದು ಬಯಸುವುದು ಬೇರೆ, ನಮ್ಮವರೆದುರೇ ಅವರು ಗೆಲ್ಲಲಿ ಎಂದು ಬಯಸುವುದು ಬೇರೆ, ನಮ್ಮವರನ್ನು ಬಿಟ್ಟುಬಿಡುವುದು ಮತ್ತೂ ಬೇರೆ.

ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇನೆ. ಭಾರತ ಕಣದಲ್ಲಿಲ್ಲದಾಗ ನೇಪಾಳಕ್ಕೋ ಭೂತಾನಕ್ಕೋ ಬಾಂಗ್ಲಾದೇಶಕ್ಕೋ ಚಪ್ಪಾಳೆ ತಟ್ಟುವುದರಲ್ಲಿ ಯಾವ ಲೋಪವೂ ಇಲ್ಲ, ನಾನೇ ತಟ್ಟಿದ್ದೇನೆ. 2015ರ ಮಾರ್ಚ್‌ನಲ್ಲಿ ವಿಶ್ವ ಶ್ರೇಯಾಂಕದ ಕಟ್ಟಕಡೆಯಲ್ಲಿದ್ದ ಭೂತಾನ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಶ್ರೀಲಂಕೆಯನ್ನು ಕೊಲಂಬೊದಲ್ಲಿ 1–0, ಥಿಂಪುವಿನಲ್ಲಿ 2–1ರಿಂದ ಸೋಲಿಸಿದಾಗ ಸಂತೋಷಪಡದವನು ಫುಟ್‌ಬಾಲ್ ಪ್ರೇಮಿಯೇ ಅಲ್ಲ. ಭಾರತವೂ ನೇಪಾಳವೂ ಎದುರಾದಾಗ ಇಲ್ಲಿ ಹುಟ್ಟಿ ಬೆಳೆದ ಹುಡುಗ ನೇಪಾಳದ ಕಡೆ ನಿಂತರೆ ನನ್ನಂಥವನಿಗೆ ಒಂದಿಷ್ಟು ಬೇಸರವಾಗುತ್ತದೆ, ಅಷ್ಟೇ. ಆ ಬೇಸರವನ್ನು ಅಪರಾಧದ ತಕ್ಕಡಿಯಲ್ಲಿಟ್ಟು ತೂಗಬಾರದು.

ಇನ್ನು ಊರಿನ ಹಿರಿಯರು ಹೇಳಿದ ಮಾತಿಗೆ ಬರೋಣ. ವಿಶ್ವಕಪ್ ಬಂದಾಗ ಸಿದ್ದಾಪುರ, ವಿರಾಜಪೇಟೆಯ ಕಡೆ ಬ್ರೆಜಿಲ್, ಅರ್ಜೆಂಟೀನಾ, ಪೋರ್ಚುಗಲ್‌ಗಳ ಬಾವುಟಗಳೂ ಫ್ಲೆಕ್ಸ್‌ಗಳೂ ಏಳುತ್ತವೆ. ಗಡಿಯಾಚೆ ಕೇರಳದಲ್ಲಂತೂ 2022ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಹೊಳೆಯೊಂದರ ನಡುವೆ ಮೆಸ್ಸಿಯ ಮೂವತ್ತು ಅಡಿ ಎತ್ತರದ ಕಟೌಟ್ ನಿಂತದ್ದನ್ನು ಜಗತ್ತೇ ನೋಡಿತು. ಬಾಂಗ್ಲಾದೇಶದವರು ಅರ್ಜೆಂಟೀನಾವನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ, ಆ ವಿಶ್ವಕಪ್ ಮುಗಿದ ಕೆಲವೇ ತಿಂಗಳಲ್ಲಿ, 2023ರ ಫೆಬ್ರುವರಿಯಲ್ಲಿ, 1978ರಿಂದ ಮುಚ್ಚಿದ್ದ ಢಾಕಾದ ತನ್ನ ರಾಯಭಾರ ಕಚೇರಿಯನ್ನು ಅರ್ಜೆಂಟೀನಾ ಮತ್ತೆ ತೆರೆಯಿತು. ಇವರಲ್ಲಿ ಯಾರಿಗೂ ‘ನಾಚಿಕೆಯಾಗುವುದಿಲ್ಲವೇ’ ಎಂದು ಕೇಳಿದವರಿಲ್ಲ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಅರ್ಜೆಂಟೀನಾದೊಡನೆ ನಮಗೆ ಗಡಿಯಿಲ್ಲ, ನೀರಿನ ಜಗಳವಿಲ್ಲ, ಹಳೆಯ ಲೆಕ್ಕಗಳಿಲ್ಲ. ಅದರ ಜೆರ್ಸಿ ತೊಟ್ಟರೆ ಅದು ಬರೀ ಜೆರ್ಸಿ. ನೆರೆಯ ಬೆಟ್ಟದ ಕಲ್ಲುಮುಳ್ಳು ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತಲೂ ಹೆಚ್ಚಾಗಿ, ನೆರೆಯವನ ಗೆಲುವು ನಮ್ಮ ಸೋಲನ್ನು ನೆನಪಿಸುತ್ತದೆ. ಬ್ರೆಜಿಲ್‌ಗಿಂತ ನಾವು ಹಿಂದೆ ಎಂಬುದು ಯಾರಿಗೂ ನೋವಲ್ಲ. ಬಾಂಗ್ಲಾದೇಶಕ್ಕಿಂತ ಹಿಂದೆ ಬಿದ್ದೆವೇ ಎಂಬ ಅನುಮಾನ ನೋಯಿಸುತ್ತದೆ.

ನಿಮ್ಮ ಮಗನಿಗೆ ಆ ರಾತ್ರಿ ಆದದ್ದು ಇದೇ. 2025ರ ನವೆಂಬರ್ 18ರಂದು ಢಾಕಾದಲ್ಲಿ ಶೇಖ್ ಮೊರ್ಸಾಲಿನ್ ಹೊಡೆದ ಒಂದೇ ಗೋಲಿನಿಂದ ಭಾರತ ಸೋತಿತು. ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ್ದು 2003ರ ನಂತರ ಅದೇ ಮೊದಲು, ಅದೂ ಶ್ರೇಯಾಂಕದಲ್ಲಿ ನಮಗಿಂತ ನಲವತ್ತಕ್ಕೂ ಹೆಚ್ಚು ಸ್ಥಾನ ಕೆಳಗಿದ್ದ ತಂಡ. ಅದಕ್ಕೂ ಮೊದಲೇ, ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರದೆದುರು 1–2ರಿಂದ ಸೋತಾಗ 2027ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತ್ತು. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ, ನಮ್ಮದೇ ನೆಲದಲ್ಲಿ, ಅಫ್ಘಾನಿಸ್ತಾನದೆದುರು ಸೋತದ್ದು ಅದಕ್ಕೂ ಹಿಂದಿನ ಗಾಯ. 2024ರ ಜೂನ್‌ನಿಂದ 2025ರ ಆಗಸ್ಟ್‌ವರೆಗಿನ ಅವಧಿಯಲ್ಲಿ ಇಗೋರ್ ಸ್ಟಿಮಾಚ್, ಮನೋಲೊ ಮಾರ್ಕೆಝ್, ಖಾಲಿದ್ ಜಮೀಲ್ ಎಂದು ತರಬೇತುದಾರರು ಬದಲಾದರು. ದೇಶದ ಪ್ರಮುಖ ಕ್ಲಬ್ ಲೀಗ್ ಆದ ಐಎಸ್‌ಎಲ್‌ನ ಋತುವೇ ತಿಂಗಳುಗಟ್ಟಲೆ ಮುಂದೆ ಹೋಯಿತು. 1951 ಮತ್ತು 1962ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ದೇಶದ ತಂಡ ಹೀಗಾದದ್ದನ್ನು ನೋಡಿ ಹದಿನೈದರ ಹುಡುಗ ಟಿ.ವಿ. ಆರಿಸಿದರೆ ಅದು ಉದಾಸೀನವಲ್ಲ. ಉದಾಸೀನ ಇರುವವನು ಆ ಪಂದ್ಯವನ್ನು ನೋಡುತ್ತಲೇ ಇರಲಿಲ್ಲ.

ಗೆದ್ದಾಗ ‘ನಾವು’, ಸೋತಾಗ ‘ಅವರು’ ಎನ್ನುವುದು ಎಲ್ಲ ಊರಿನ ಪ್ರೇಕ್ಷಕರಿಗೂ ಇರುವ ಚಟ. 1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರಾಬರ್ಟ್ ಚಾಲ್ಡೀನಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರೂ ಅವರ ಸಹೋದ್ಯೋಗಿಗಳೂ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಎಣಿಸಿಯೇ ನೋಡಿದರು: ತಂಡ ಗೆದ್ದ ಮರುಸೋಮವಾರ ವಿದ್ಯಾಲಯದ ಹೆಸರಿರುವ ಅಂಗಿ ತೊಟ್ಟು ಬರುವ ವಿದ್ಯಾರ್ಥಿಗಳು ಹೆಚ್ಚಾಗುತ್ತಿದ್ದರು. ಆದ್ದರಿಂದ ನಿಮ್ಮ ಮಗ ಅಂಗಿ ಬದಲಿಸಿದ್ದರಲ್ಲಿ ಹೊಸದೇನೂ ಇಲ್ಲ. ಹೊಸದಿರುವುದು ಅವನು ಆಯ್ದುಕೊಂಡ ಅಂಗಿಯಲ್ಲಿ. ಗೆಲುವಿನ ಬಿಸಿಲು ಕಾಯಿಸಿಕೊಳ್ಳುವುದೇ ಉದ್ದೇಶವಾಗಿದ್ದರೆ ಅವನು ಜಪಾನ್ ಅಥವಾ ಸ್ಪೇನ್ ಎನ್ನುತ್ತಿದ್ದ. ನೇಪಾಳ ಗೆಲ್ಲುವ ತಂಡವೇನೂ ಅಲ್ಲ. 2021ರ ಸ್ಯಾಫ್ (ದಕ್ಷಿಣ ಏಷ್ಯಾ) ಕೂಟದ ಫೈನಲ್‌ನಲ್ಲಿ ಮಾಲೆಯಲ್ಲಿ ನಾವೇ ಅದನ್ನು 3–0ರಿಂದ ಸೋಲಿಸಿದ್ದೇವೆ, 2023ರ ಜೂನ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2–0ರಿಂದ ಮತ್ತೆ ಸೋಲಿಸಿದ್ದೇವೆ. ಸೋಲುವ ತಂಡವನ್ನು ಆಯ್ದುಕೊಂಡ ಹುಡುಗನ ಮನಸ್ಸಿನಲ್ಲಿ ಲಾಭದ ಲೆಕ್ಕವಿಲ್ಲ. ಅವನಿಗೆ ಪಾಸ್ ಕೊಡುವ ಗೆಳೆಯನಿದ್ದಾನೆ, ಅಷ್ಟೇ.

ಇಲ್ಲಿ ಯಜಮಾನರಿಗೆ ಹೇಳಬೇಕಾದ ಮಾತೊಂದಿದೆ, ಅವರಿಗೆ ಗೊತ್ತಿರುವುದನ್ನೇ ನೆನಪಿಸುತ್ತಿದ್ದೇನೆಂದು ಕ್ಷಮಿಸಲಿ. ನಮ್ಮ ಸೇನೆಯಲ್ಲಿ ಗೂರ್ಖಾ ರೆಜಿಮೆಂಟುಗಳು ಏಳು ಇವೆ. ಭಾರತ, ಬ್ರಿಟನ್, ನೇಪಾಳಗಳ ನಡುವಿನ 1947ರ ತ್ರಿಪಕ್ಷೀಯ ಒಪ್ಪಂದದ ಪ್ರಕಾರ ಅವುಗಳಲ್ಲಿ ನೇಪಾಳದ ಪ್ರಜೆಗಳು ನೇಪಾಳದ ಪ್ರಜೆಗಳಾಗಿಯೇ ಉಳಿದು ಭಾರತಕ್ಕಾಗಿ ಹೋರಾಡಿದ್ದಾರೆ. ಸೇನೆಯೇ ನಡೆಸುವ, 1888ರಷ್ಟು ಹಳೆಯ ಡುರಾಂಡ್ ಕಪ್ಪನ್ನು 1966 ಮತ್ತು 1969ರಲ್ಲಿ ಗೆದ್ದದ್ದು ಗೂರ್ಖಾ ಬ್ರಿಗೇಡ್ ತಂಡ. ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದ ಸುನಿಲ್ ಛೆಟ್ರಿಯವರ ತಾಯಿಯೂ ಆಕೆಯ ಅವಳಿ ಸೋದರಿಯೂ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ಆ ಮನೆಯಲ್ಲಿ ಭಾರತ–ನೇಪಾಳ ಪಂದ್ಯದ ದಿನ ಅಡುಗೆಮನೆಯ ಮಾತು ಹೇಗಿರುತ್ತಿತ್ತೋ ನೋಡಬೇಕೆಂದು ನನಗೆ ಬಹಳ ಸಲ ಅನ್ನಿಸಿದ್ದಿದೆ. ನೆರೆಯ ಆಟಗಾರರು ನಮ್ಮ ಕ್ಲಬ್ಬುಗಳಿಗೆ ದುಡಿದದ್ದೂ ಇದೆ: ಥಿಂಪುವಿನಲ್ಲಿ ಶ್ರೀಲಂಕೆಯ ಮೇಲೆ ಎರಡೂ ಗೋಲು ಹೊಡೆದ ಭೂತಾನದ ಚೆಂಚೊ ಗ್ಯಾಲ್ತ್ಸೆನ್, 2018–19ರಲ್ಲಿ ಐಎಸ್‌ಎಲ್ ಗೆದ್ದ ಬೆಂಗಳೂರು ಎಫ್‌ಸಿಯಲ್ಲಿದ್ದರು; ನೇಪಾಳದ ಸಾವಿತ್ರಾ ಭಂಡಾರಿ ಗೋಕುಲಂ ಕೇರಳದ ಪರ ಗೋಲುಗಳ ಸುರಿಮಳೆಯನ್ನೇ ಸುರಿಸಿದರು. ಇವರಿಗೆಲ್ಲ ನಾವು ಚಪ್ಪಾಳೆ ತಟ್ಟುವಾಗ ಜೆರ್ಸಿಯ ಬಣ್ಣ ನಮ್ಮದಾಗಿತ್ತು ಎಂಬುದು ನಿಜ, ಆದರೆ ಆಟಗಾರರು ಅವರೇ.

ಮತ್ತೊಂದು ತಪ್ಪು ಕಲ್ಪನೆ ಇದೆ, ನೆರೆಯವರನ್ನು ಬೆಂಬಲಿಸಿದರೆ ನಮ್ಮ ಫುಟ್‌ಬಾಲ್ ಸೊರಗುತ್ತದೆ ಎಂಬುದು. ನಮ್ಮ ಫುಟ್‌ಬಾಲ್ ಸೊರಗಿರುವುದು ನೆರೆಯವರಿಗೆ ಹೋದ ಚಪ್ಪಾಳೆಯಿಂದಲ್ಲ, ನಮ್ಮವರಿಗೆ ಸಿಗದ ಚಪ್ಪಾಳೆಯಿಂದ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆಯನ್ನು (ತೈವಾನ್ ತಂಡವನ್ನು) 5–0ರಿಂದ ಸೋಲಿಸಿದ ಪಂದ್ಯಕ್ಕೆ ಬಂದವರು ಎರಡೂವರೆ ಸಾವಿರ ಜನ ಮಾತ್ರ. ಅಂದು ಮೂರು ಗೋಲು ಹೊಡೆದ ಛೆಟ್ರಿಯವರೇ ಮೊಬೈಲ್ ಮುಂದೆ ನಿಂತು, ಬೈಯಲಿಕ್ಕಾದರೂ ಕ್ರೀಡಾಂಗಣಕ್ಕೆ ಬನ್ನಿ ಎಂದು ಕೇಳಿಕೊಳ್ಳಬೇಕಾಯಿತು. ಮುಂದಿನ ಪಂದ್ಯಕ್ಕೆ ಟಿಕೆಟ್ಟುಗಳೆಲ್ಲ ಮಾರಾಟವಾದವು. ನೆರೆಯವರು ಬಲಗೊಂಡರೆ ನಮಗೆ ನಷ್ಟವೂ ಇಲ್ಲ. 2010ರಿಂದ 2019ರವರೆಗೆ ಮಹಿಳೆಯರ ಸ್ಯಾಫ್ ಕಪ್ಪನ್ನು ಐದಕ್ಕೆ ಐದೂ ಸಲ ಗೆದ್ದ ನಮ್ಮ ತಂಡ, 2022 ಮತ್ತು 2024ರಲ್ಲಿ ಸೆಮಿಫೈನಲ್‌ನಲ್ಲೇ ನೇಪಾಳಕ್ಕೆ ಸೋತಿತು. ಎರಡು ಸಲವೂ ಕಪ್ ಬಾಂಗ್ಲಾದೇಶದ ಪಾಲಾಯಿತು. ಅನಂತರ 2026ರ ಏಷ್ಯಾ ಕಪ್ಪಿಗೆ ಬಾಂಗ್ಲಾದೇಶದ ಹುಡುಗಿಯರು ಮೊದಲ ಬಾರಿಗೆ ಅರ್ಹತೆ ಪಡೆದರು, ನಮ್ಮವರೂ ಥಾಯ್ಲೆಂಡನ್ನು ಸೋಲಿಸಿ ಅರ್ಹತೆ ಪಡೆದರು. ಪಕ್ಕದ ತೋಟದವನು ಚೆನ್ನಾಗಿ ಕಾಫಿ ಬೆಳೆದರೆ ನಮ್ಮ ಗಿಡ ಒಣಗುವುದಿಲ್ಲ.

ಕಾನೂನಿನ ಬಗ್ಗೆ ಎಚ್ಚರದಿಂದ ಹೇಳುತ್ತೇನೆ. ಬೇರೆ ದೇಶದ ಕ್ರೀಡಾ ತಂಡವನ್ನು ಬೆಂಬಲಿಸುವುದನ್ನೇ ಅಪರಾಧವೆನ್ನುವ ಕಾನೂನು ನಮ್ಮಲ್ಲಿಲ್ಲ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಆಗಸ್ಟ್ 14ರಂದು ಪಾಕಿಸ್ತಾನದ ಜನರಿಗೆ ಸ್ವಾತಂತ್ರ್ಯ ದಿನದ ಶುಭಾಶಯ ಹೇಳುವುದು ಕೂಡ ಅಪರಾಧವಲ್ಲ ಎಂದು ತೀರ್ಪಿತ್ತಿದೆ. ಆದರೆ ಕಾನೂನು ಪುಸ್ತಕದಲ್ಲಿರುವುದು ಒಂದು, ಬೀದಿಯಲ್ಲಿ ನಡೆಯುವುದು ಇನ್ನೊಂದು. 2017ರಲ್ಲಿ ಕ್ರಿಕೆಟ್‌ನ ಚಾಂಪಿಯನ್ಸ್ ಟ್ರೋಫಿಯನ್ನು ಪಾಕಿಸ್ತಾನ ಗೆದ್ದಾಗ ಸಂಭ್ರಮಿಸಿದರೆಂಬ ಆರೋಪದ ಮೇಲೆ ಮಧ್ಯಪ್ರದೇಶದ ಒಂದು ಹಳ್ಳಿಯ ಹದಿನೈದಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು; ಅವರನ್ನು ನ್ಯಾಯಾಲಯ ನಿರ್ದೋಷಿಗಳೆಂದು ಬಿಟ್ಟದ್ದು 2023ರಲ್ಲಿ. ನಡುವಿನ ಆರು ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು. ನೇಪಾಳದ ವಿಷಯದಲ್ಲಿ ಇಂಥದ್ದು ನಡೆದೀತೆಂದು ನಾನು ಹೆದರಿಸುತ್ತಿಲ್ಲ. ಯಾವ ನೆರೆ ಎಂಬುದರ ಮೇಲೆ ನಮ್ಮ ಜನರ ಸಿಟ್ಟಿನ ಪ್ರಮಾಣ ಬದಲಾಗುತ್ತದೆ, ಅಷ್ಟನ್ನು ಹುಡುಗನೂ ತಿಳಿದಿರಲಿ. ಮೈಮೇಲಿನ ಜೆರ್ಸಿಗಿಂತ ಮೊಬೈಲ್‌ನ ಸ್ಟೇಟಸ್‌ನಿಂದ ಆಗುವ ತೊಂದರೆಯೇ ಈಗ ಹೆಚ್ಚು. ಸೋತ ರಾತ್ರಿ ಸಿಟ್ಟಿನಲ್ಲಿ ಬರೆದ ಒಂದು ಸಾಲು, ಅದನ್ನು ಬರೆದವನ ಸಿಟ್ಟು ಇಳಿದ ಮೇಲೂ ಊರೆಲ್ಲ ಸುತ್ತುತ್ತಿರುತ್ತದೆ.

ಆಯ್ಕೆಯ ಪ್ರಶ್ನೆಗೆ ಹೆಚ್ಚು ಮಾತು ಬೇಡ. ಆಯ್ಕೆ ಸಮಿತಿಗಳಲ್ಲಿ ನಾನು ಕುಳಿತಿದ್ದೇನೆ. ಹುಡುಗ ಯಾರ ಅಭಿಮಾನಿ ಎಂದು ಕೇಳುವ ಕಲಂ ಯಾವ ಅರ್ಜಿಯಲ್ಲೂ ಇಲ್ಲ. ವಯಸ್ಸಿನ ದಾಖಲೆ ಸರಿಯಿರಲಿ, ಎಡಗಾಲೂ ಸ್ವಲ್ಪ ಪಳಗಲಿ. ಮುಂದೊಂದು ದಿನ ದೇಶಕ್ಕೆ ಆಡುವ ಮಟ್ಟಕ್ಕೆ ಬಂದರೂ ನೋಡುವುದು ಪಾಸ್‌ಪೋರ್ಟನ್ನೇ ಹೊರತು ಬಾಲ್ಯದ ಜೆರ್ಸಿಯನ್ನಲ್ಲ. ಆಸ್ಟ್ರೇಲಿಯಾದ ಪರ ಒಂದು ಪಂದ್ಯ ಆಡಿದ್ದ ರಯಾನ್ ವಿಲಿಯಮ್ಸ್ ಅಲ್ಲಿನ ಪೌರತ್ವವನ್ನೇ ಬಿಟ್ಟು 2025ರಲ್ಲಿ ಭಾರತೀಯರಾದರು. 1973ರ ಹಾಕಿ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ, ನಿಮ್ಮದೇ ಸುಂಟಿಕೊಪ್ಪ ಕಡೆಯ ಎಂ.ಪಿ. ಗಣೇಶ್ ಮೊದಲು ಕೊಡಗು ಜಿಲ್ಲೆಯ ಫುಟ್‌ಬಾಲ್ ತಂಡದಲ್ಲಿದ್ದವರು. ಅವರು ಬದಲಿಸಿದ್ದು ತಂಡವನ್ನಲ್ಲ, ಆಟವನ್ನೇ.

ಈಗ ನೀವು ಮಾಡಬಹುದಾದದ್ದೇನು? ಜೆರ್ಸಿಯನ್ನು ಕಸಿದು ಒಳಗಿಟ್ಟರೆ ಮನೆಯಲ್ಲಿ ಎರಡು ದಿನ ಶಾಂತಿ ಇರಬಹುದು, ಆದರೆ ಇಂದಿನ ಮುನಿಸು ನಾಳೆ ಹಟವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕೊಟ್ಟ ಉಡುಗೊರೆಯನ್ನು ಯಜಮಾನರು ಕಸಿದರೆಂಬ ಸುದ್ದಿ ನಿಮ್ಮಲ್ಲೇ ದುಡಿಯುವ ಆ ದಂಪತಿಗೆ ತಲುಪುತ್ತದೆ. ಅವರು ಏನೂ ಹೇಳಲಾರರು, ಹೇಳಲಾಗದ ಸ್ಥಾನದಲ್ಲಿದ್ದಾರೆ. ನನ್ನ ತರಬೇತಿಗೆ ಬರುತ್ತಿದ್ದ ಒಬ್ಬ ಹುಡುಗನ ಮನೆಯಲ್ಲಿ ಇಂಥದ್ದೇ ನಡೆದು, ಗೆಳೆಯರಿಬ್ಬರೂ ಒಂದೇ ತಂಡದಲ್ಲಿದ್ದು ಒಬ್ಬರಿಗೊಬ್ಬರು ಪಾಸ್ ಕೊಡದೆ ಇಡೀ ಋತು ಹಾಳಾದದ್ದನ್ನು ಕಂಡಿದ್ದೇನೆ. ಹಾಗೆಂದು ಏನೂ ಆಗಿಲ್ಲವೆಂಬಂತೆ ಸುಮ್ಮನಿದ್ದರೆ ತಂದೆಯ ನೋವು ಹಾಗೆಯೇ ಉಳಿಯುತ್ತದೆ. ಆ ನೋವು ಹುಸಿಯಲ್ಲ. ಸಮವಸ್ತ್ರದಲ್ಲಿ ಇಷ್ಟು ವರ್ಷ ಕಳೆದವರಿಗೆ ಬಣ್ಣ ಎಂದರೆ ಬರೀ ಬಣ್ಣವಲ್ಲ ಎಂಬುದನ್ನು ಮಗ ಕೇಳಿಸಿಕೊಳ್ಳಬೇಕು, ಆದರೆ ತಂದೆಯ ಬಾಯಿಂದ, ಊರ ಹಿರಿಯರ ಬಾಯಿಂದಲ್ಲ.

ನಾನಾದರೆ ಮೊದಲು ಮಾತನ್ನೂ ಜೆರ್ಸಿಯನ್ನೂ ಬೇರೆ ಮಾಡುತ್ತೇನೆ. ಜೆರ್ಸಿ ಅವನದು, ಇಷ್ಟ ಬಂದಾಗ ತೊಡಲಿ. ಶಾಲಾ ತಂಡದ ಅಭ್ಯಾಸಕ್ಕೆ ಮಾತ್ರ ಬೇಡ, ಅದಕ್ಕೆ ಕಾರಣ ದೇಶಭಕ್ತಿಯಲ್ಲ, ಅಭ್ಯಾಸದಲ್ಲಿ ಎಲ್ಲರೂ ತಂಡದ ಬಣ್ಣದಲ್ಲೇ ಇರಬೇಕೆಂಬ ಸರಳ ಶಿಸ್ತು. ಮೆಸ್ಸಿಯ ಜೆರ್ಸಿ ತೊಟ್ಟವನನ್ನೂ ನಾನು ವಾಪಸು ಕಳುಹಿಸಿದ್ದೇನೆ. ‘ಭಾರತ ನನ್ನ ತಂಡವಲ್ಲ’ ಎಂಬ ಮಾತಿಗೆ ವಾದ ಹೂಡಬೇಡಿ, ಪಂದ್ಯ ತೋರಿಸಿ. ಢಾಕಾದಲ್ಲಿ ಸೋಲುವುದಕ್ಕೆ ಎರಡು ತಿಂಗಳ ಹಿಂದೆ, 2025ರ ಸೆಪ್ಟೆಂಬರ್‌ನಲ್ಲಿ, ಇದೇ ತಂಡ ತಜಿಕಿಸ್ತಾನದಲ್ಲಿ ಓಮಾನ್‌ನಂಥ ಬಲಿಷ್ಠ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್ಪಿನಲ್ಲಿ ಮೂರನೆಯದಾಗಿತ್ತು. ಅದನ್ನು ಅವನು ನೋಡಿದ್ದನೇ ಎಂದು ಕೇಳಿ. ಬೆಂಗಳೂರಿನಲ್ಲಿ ಭಾರತದ ಪಂದ್ಯವೇನಾದರೂ ಬಿದ್ದರೆ ಹುಡುಗರಿಬ್ಬರನ್ನೂ ಕರೆದುಕೊಂಡು ಯಜಮಾನರೇ ಹೋಗಲಿ. ಎದುರಾಳಿ ನೇಪಾಳವೇ ಆಗಿದ್ದರೆ ನೇಪಾಳಿ ಹುಡುಗ ತನ್ನ ಜೆರ್ಸಿಯಲ್ಲೇ ಬರಲಿ, ಅವನಿಗೆ ಅದರ ಹಕ್ಕು ಪೂರ್ತಿ ಇದೆ. ನಿಮ್ಮ ಮಗ ಏನು ತೊಡುತ್ತಾನೆಂಬುದನ್ನು ಅಂದು ಬೆಳಿಗ್ಗೆ ಅವನೇ ನಿರ್ಧರಿಸಲಿ.

ಕುಶಾಲನಗರದಿಂದ ಕಾವೇರಿ ದಾಟಿ ಟಿಬೆಟಿಯನ್ ನಿರಾಶ್ರಿತರ ನೆಲೆಯಾದ ಬೈಲಕುಪ್ಪೆಗೆ ಹೋಗುವಾಗಲೆಲ್ಲ ನನಗೊಂದು ನೆನಪಾಗುತ್ತದೆ. ಟಿಬೆಟಿಯನ್ನರ ತಂಡ 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 1–4ರಿಂದ ಸೋತಿತ್ತು. ಎರಡೂ ಫಿಫಾದ ಸದಸ್ಯರಲ್ಲ. ಬೈಲಕುಪ್ಪೆಯ ಮೈದಾನದಲ್ಲಿ ಚೆಂಡಾಡುವ ಹುಡುಗರಿಗೆ ವಿಶ್ವಕಪ್ ಅರ್ಹತಾ ಪಟ್ಟಿಯಲ್ಲಿ ತಮ್ಮದೆನ್ನುವ ಹೆಸರೇ ಇಲ್ಲ. ಅವರು ಯಾರಿಗಾಗಿ ಕೂಗುತ್ತಾರೆಂದು ಕೇಳಿದಾಗ, ಒಬ್ಬ ಭಾರತ ಎಂದ, ಒಬ್ಬ ನೇಪಾಳ ಎಂದ, ಮೂರನೆಯವನು ಲಿವರ್‌ಪೂಲ್ ಎಂದು ನಕ್ಕ.

ನಿಮ್ಮ ಪತ್ರದಲ್ಲಿ ಒಂದು ವಿವರ ಮಾತ್ರ ಬಿಟ್ಟುಹೋಗಿದೆ. ಆ ರಾತ್ರಿ ಢಾಕಾದ ಪಂದ್ಯವನ್ನು ನಿಮ್ಮ ಮಗನ ಜೊತೆ ಆ ನೇಪಾಳಿ ಹುಡುಗನೂ ನೋಡಿದ್ದನೇ, ನೋಡಿದ್ದರೆ ಯಾರ ಪರ ಇದ್ದ? ಅದನ್ನು ಯಜಮಾನರೇ ಅವನನ್ನು ಕರೆದು ಕೇಳಲಿ.